ಹಲ್ಲು ಕಡಿಯುವ ಹೆಂಗಸು

ನನ್ನ ಅಕ್ಕ ಯಾರ ಮೇಲೂ ಹಲ್ಲು ಕಡಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೂರು ವರ್ಷ ಅವಳ ಬಗ್ಗೆ ಎಲ್ಲರೂ ಹೇಳಿದ್ದು ಆ ಒಂದೇ ಮಾತು. ಅವಳು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೇಳಿದರು, ಅವಳ ಮನೆಯ ಮಹಡಿ ಮೆಟ್ಟಿಲ ಮೇಲೆ ಹೇಳಿದರು, ಕೊನೆಗೆ ಟೈಪು ಮಾಡಿ, ಸೀಲು ಒತ್ತಿ, ಅವಳ ಫೈಲಿಗೂ ಸೇರಿಸಿದರು: 'ಮೇಲ್ವಿಚಾರಕರ ಎದುರು ಹಲ್ಲು ಕಡಿಯುವುದು, ಕೇಳಿದ್ದಕ್ಕೆ ಉತ್ತರ ಕೊಡದೆ ಬಾಯಿ ಬಿಗಿ ಹಿಡಿಯುವುದು.' ಆ ಕಾಗದ ನನಗೆ ಬಾಯಿಪಾಠ. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾವಿಬ್ಬರೇ ಅಕ್ಕತಂಗಿಯರು. ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತೇನೆ. ಪಕ್ಕದಲ್ಲಿ ಕೂತವರ ಕಾಲ ಕೆಳಗೂ ಒಂದು ಬ್ರೇಕು ಇರುವ ಕಾರು ನನ್ನದು. 'ನಿಂಗೆ ರೇಗೋದಕ್ಕೇ ಸಂಬಳ ಕೊಡ್ತಾರೆ ಕಣೇ' ಎಂದು ಅಕ್ಕ ಹಾಸ್ಯ ಮಾಡುತ್ತಿದ್ದಳು. ಅವಳ ಸ್ವಭಾವವೇ ಬೇರೆ. ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ ಅವಳೇ ಮೊದಲು 'ಸಾರಿ' ಅನ್ನುವವಳು.

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ನಡುವೆ ಒಂದು ಗೋಡೆ. ಆ ಕಡೆ ವಾರ್ಡುಗಳಿಂದ ಬಂದ ಕೊಳೆ ಬಟ್ಟೆ, ಈ ಕಡೆ ಒಗೆದು ಬಂದ ಬಟ್ಟೆ. ಅಕ್ಕ ಹದಿನಾಲ್ಕು ವರ್ಷದಿಂದ ಒಗೆದ ಬಟ್ಟೆಯ ಕಡೆ ಇದ್ದಳು. ಬಿಸಿ ಉರುಳೆಗಳ ಯಂತ್ರಕ್ಕೆ ಇಬ್ಬರು ಹೆಂಗಸರು ಒದ್ದೆ ಬೆಡ್‌ಶೀಟು ಕೊಡುತ್ತಿದ್ದರು. ಇನ್ನೊಂದು ಕಡೆ ಅದು ಗರಿಗರಿಯಾಗಿ, ಹಬೆಯಾಡುತ್ತ ಹೊರಬರುತ್ತಿತ್ತು. ಅದನ್ನು ಹಿಡಿದು ಮಡಚುವವರು ಅಕ್ಕ ಮತ್ತು ಅವಳ ಜೋಡಿ. ಆ ಜೋಡಿಯನ್ನು ಎಲ್ಲರೂ ಕುಳ್ಳಿ ಎಂದೇ ಕರೆಯುತ್ತಿದ್ದರು, ಅವಳೂ ಹಾಗೆಂದರೇ ಓಗೊಡುತ್ತಿದ್ದಳು. ಆಪರೇಷನ್ ಕೋಣೆಗೆ ಹೋಗುವ ಹಸಿರು ಬಟ್ಟೆಗಳನ್ನು ಮಡಚುವುದು ಮಾತ್ರ ಅಕ್ಕನದೇ ಕೆಲಸ. ಒಂದು ತುದಿ ಹಿಡಿದು ಎಳೆದರೆ ಸಾಕು, ಎಲ್ಲೂ ಕೈ ತಗುಲದೆ ಇಡೀ ಬಟ್ಟೆ ಬಿಚ್ಚಿಕೊಳ್ಳಬೇಕು. ಹಾಗೆ ಮಡಚುವುದು ಎಲ್ಲರ ಕೈಯಲ್ಲಿ ಆಗುವಂಥದ್ದಲ್ಲ.

ಒಂದು ದಿನ ಮಧ್ಯಾಹ್ನ ಅಕ್ಕ ಕುಳ್ಳಿಗೆ ಭಾವನ ಕಥೆ ಹೇಳುತ್ತಿದ್ದಳು. ಭಾವ ಲಿಫ್ಟು ರಿಪೇರಿ ಮಾಡುವವರು. ಹಿಂದಿನ ದಿನ ತಾವೇ ಸರಿಮಾಡಿದ ಲಿಫ್ಟಿನಲ್ಲಿ ತಾವೇ ಸಿಕ್ಕಿಕೊಂಡು ಒಂದು ತಾಸು ಒಳಗಿದ್ದರಂತೆ. 'ಹೊರಗಿಂದ ಯಾರೋ, ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಅಂದ್ರಂತೆ, ಒಳಗಿಂದ ಇವರು...' ಅನ್ನುವಷ್ಟರಲ್ಲಿ ಅಕ್ಕನ ಬಾಯಿ ಟಕ್ಕೆಂದು ಮುಚ್ಚಿಕೊಂಡಿತು. ಅವಳು ಮುಚ್ಚಲಿಲ್ಲ, ಅದಾಗಿಯೇ ಮುಚ್ಚಿಕೊಂಡಿತು. ಎಡಗಡೆಯ ದವಡೆ ಕಲ್ಲಿನ ಹಾಗೆ ಗಟ್ಟಿಯಾಯಿತು, ನಾಲಿಗೆಯ ಅಂಚು ಹಲ್ಲಿನ ನಡುವೆ ಸಿಕ್ಕಿತು. ಕುಳ್ಳಿ ನಗಲು ತಯಾರಾಗಿ ಬಾಯಿ ತೆರೆದು ನಿಂತೇ ಇದ್ದಳು. ಅಕ್ಕನ ಕಣ್ಣಲ್ಲಿ ನೀರು. ಅರ್ಧ ನಿಮಿಷವಾದ ಮೇಲೆ ಹಿಡಿತ ತಾನಾಗಿ ಸಡಿಲಿತು.

'ಏನಾಯ್ತೇ?'

'ಗೊತ್ತಿಲ್ಲ. ಯಾರೋ ಒಳಗಿಂದ ಬಾಗಿಲು ಹಾಕ್ಕೊಂಡ ಹಾಗಾಯ್ತು.'

ಅಲ್ಲಿಂದ ಶುರು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೆ ಹತ್ತು ಸಲ, ವರ್ಷ ತಿರುಗುವಷ್ಟರಲ್ಲಿ ಲೆಕ್ಕವೇ ಇಲ್ಲ. ಕೆಲವು ಸಲ ಎಡಗೆನ್ನೆ ಪಟಪಟ ಅದುರಿ ನಿಲ್ಲುತ್ತಿತ್ತು. ಕೆಲವು ಸಲ ಎರಡು ಮೂರು ನಿಮಿಷ ಕಚ್ಚಿಕೊಂಡೇ ಇರುತ್ತಿತ್ತು. ಅಗಿದರೆ ಬರುತ್ತಿತ್ತು, ಮಾತಾಡಿದರೆ ಬರುತ್ತಿತ್ತು, ಆಕಳಿಸಿದರೆ ಬರುತ್ತಿತ್ತು. ಹಲ್ಲು ಹಲ್ಲಿಗೆ ಉಜ್ಜಿ ಕರಕರ ಸದ್ದು ಮಾಡುತ್ತಿತ್ತು. ನೋವು ಕಿವಿಯವರೆಗೂ ಏರುತ್ತಿತ್ತು. ಅವಳು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನುಂಗಲು ಕಲಿತಳು. ಸೂಪು ಕುಡಿಯುವಾಗ ಸ್ಟೀಲು ಚಮಚ ಬಿಟ್ಟು ಮರದ ಚಮಚ ಹಿಡಿದಳು. ಹಲ್ಲು ಕಚ್ಚಿಕೊಂಡರೆ ಮುರಿಯುವುದು ಚಮಚವಾಗಲಿ ಎಂದು. ವರ್ಷದಲ್ಲಿ ಅವಳ ಬಟ್ಟೆಗಳೆಲ್ಲ ಎರಡು ಸಲ ಒಳಹೊಲಿಗೆ ಹಾಕಿಸಿಕೊಂಡವು. ಸಣ್ಣಗಾದ ಆ ಮುಖದಲ್ಲಿ ಎಡ ದವಡೆಯ ಸ್ನಾಯು ಮಾತ್ರ ದಿನೇ ದಿನೇ ಉಬ್ಬುತ್ತಿತ್ತು, ಅಡಿಕೆ ಬಾಯಲ್ಲಿಟ್ಟುಕೊಂಡ ಹಾಗೆ.

ಇನ್ನು ಜನ. ಹಲ್ಲು ಬಿಗಿದುಕೊಂಡು, ಕಣ್ಣು ಕೆಂಪು ಮಾಡಿಕೊಂಡು, ಮಾತಿಗೆ ಮಾತು ಕೊಡದೆ ನಿಂತ ಹೆಂಗಸನ್ನು ನೋಡಿ ಜನ ಏನಂದುಕೊಳ್ಳುತ್ತಾರೆ? ಕೋಪ ಅಂದುಕೊಳ್ಳುತ್ತಾರೆ. ಬೇರೆ ಏನನ್ನೂ ಅಂದುಕೊಳ್ಳಲು ಅವರಿಗೆ ಪುರುಸೊತ್ತಿರಲಿಲ್ಲ.

ಲಾಂಡ್ರಿಯ ಮೇಲ್ವಿಚಾರಕನಿಗೆ ಹೆಂಗಸರು ಇಟ್ಟ ಹೆಸರು ಗುಂಡಿ. ಬೇರೆಯವರ ಕೋಟಿನ ಗುಂಡಿ ಬಿಚ್ಚಿದ್ದರೆ ಅವನು ಸಹಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನು ಅಕ್ಕನನ್ನು ಏನೋ ಕೇಳಿದ. ಮೂರನೇ ಮಹಡಿಯ ದಿಂಬಿನ ಚೀಲ ಹೋಯಿತೇ ಎಂದೋ ಏನೋ. ಅಕ್ಕ 'ಹೋ' ಅಂದಳು, ದವಡೆ ಮುಚ್ಚಿಕೊಂಡಿತು, ಕರಕರ ಎಂದಿತು.

'ಏನಮ್ಮಾ, ನನ್ ಮೇಲೇ ಹಲ್ಲು ಕಡೀತೀಯಾ?'

ಅಕ್ಕ ಕೈಯಾಡಿಸಿ ಇಲ್ಲ ಇಲ್ಲ ಎಂದು ಸನ್ನೆ ಮಾಡಿದಳು. ಅವನ ಕಣ್ಣಿಗೆ ಅದು ಹೋಗು ಹೋಗು ಎಂದಂತೆ ಕಂಡಿತು. ಹಿಡಿತ ಬಿಟ್ಟ ಮೇಲೆ ಅವಳು, 'ಸಾರ್, ನಂಗೇನೋ ಖಾಯಿಲೆ, ದವಡೆ ಹಿಡ್ಕೊಳ್ಳತ್ತೆ' ಎಂದಳು. ಅವನು ನಕ್ಕ. 'ನಾನು ಬಂದಾಗ್ಲೇ ಹಿಡ್ಕೊಳ್ಳೋ ಖಾಯಿಲೆನಾ? ಚೆನ್ನಾಗಿದೆ.'

ಮನೆಯಲ್ಲೂ ಅದೇ. ಭಾವ ಒಳ್ಳೆಯವರು, ಆದರೆ ಮಾತು ಕಡಿಮೆ. ಹೆಂಡತಿ ಹಲ್ಲು ಬಿಗಿದುಕೊಂಡಾಗಲೆಲ್ಲ ತಾವೇನೋ ತಪ್ಪು ಮಾಡಿದೆವೆಂದು ತಿಳಿದು, ಏನೆಂದು ಕೇಳಲು ಧೈರ್ಯವಿಲ್ಲದೆ, ಸ್ಕ್ರೂಡ್ರೈವರ್ ಹಿಡಿದು ಎದ್ದುಬಿಡುತ್ತಿದ್ದರು. ಮನೆಯಲ್ಲಿ ತೊಟ್ಟಿಕ್ಕುವ ನಲ್ಲಿ ಒಂದೂ ಉಳಿಯಲಿಲ್ಲ. ಕಪಾಟಿನ ಬಾಗಿಲುಗಳು ಬೆಣ್ಣೆಯ ಹಾಗೆ ಜಾರತೊಡಗಿದವು. ಅವರ ಮಗಳು ಪರೀಕ್ಷೆಯ ಅಂಕಪಟ್ಟಿಯನ್ನು ಅಮ್ಮನಿಗೆ ತೋರಿಸುವುದು ಬಿಟ್ಟು ನನ್ನ ಕೈಗೆ ಕೊಡುತ್ತಿದ್ದಳು. 'ಚಿಕ್ಕಮ್ಮ, ಅಮ್ಮಂಗೆ ಮೊದ್ಲೇ ಸಿಟ್ಟು ಬಂದಿದೆ' ಅನ್ನುತ್ತಿದ್ದಳು. ಅಂಕಗಳೇನೋ ಚೆನ್ನಾಗಿಯೇ ಇದ್ದವು.

ನಾನೂ ಸಾಚಾ ಅಲ್ಲ. ಒಂದು ಭಾನುವಾರ ಅವಳ ಅಡುಗೆಮನೆಯಲ್ಲಿ ಕೂತು ನಾನೇ ಕೇಳಿದ್ದೆ: 'ಅಕ್ಕಾ, ಭಾವನ ಜೊತೆ ಏನಾದ್ರೂ ಮನಸ್ತಾಪನಾ? ಒಳಗೇ ಇಟ್ಕೊಂಡ್ರೆ ಹೀಗೇ ಆಗೋದು.' ಅವಳು ನನ್ನನ್ನು ನೋಡಿದ ನೋಟ ಮರೆಯಲಾರೆ. ಬೇರೆಯವರು ಅಂದದ್ದೆಲ್ಲ ಸಹಿಸಿದವಳು ಅವತ್ತು ಅತ್ತಳು.

ಮಾರನೇ ದಿನವೇ ನಾನು ರಜೆ ಹಾಕಿ ಅವಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮುಖ್ಯರಸ್ತೆಯಲ್ಲಿ ಮೀನಿನ ತೊಟ್ಟಿ ಇಟ್ಟ ದೊಡ್ಡ ಕ್ಲಿನಿಕ್ಕು. ಡಾಕ್ಟರು ಎಕ್ಸ್‌ರೇ ಚಿತ್ರ ತೆಗೆದರು, ಹಿಂದಿನ ದವಡೆಹಲ್ಲಿನ ಕಡೆ ಬೆರಳು ತೋರಿಸಿದರು.

'ಇದೇ ಕಾರಣ. ಇದನ್ನ ತೆಗೆದ್ರೆ ಸರಿಹೋಗತ್ತೆ.'

ತೆಗೆದರು. ಸರಿಹೋಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಅದರ ಪಕ್ಕದ್ದು ತೆಗೆದರು. ಸರಿಹೋಗಲಿಲ್ಲ. ಆಮೇಲೆ ಹಲ್ಲಿಗೆ ಹಾಕಿಕೊಳ್ಳಲು ಪಾರದರ್ಶಕ ಪ್ಲಾಸ್ಟಿಕ್ ಅಚ್ಚೊಂದು ಮಾಡಿಕೊಟ್ಟರು. ಅಕ್ಕ ಅದನ್ನು ಹನ್ನೊಂದನೇ ದಿನ ಕಚ್ಚಿ ಎರಡು ತುಂಡು ಮಾಡಿದಳು. ಆ ತುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಾಗ ಅವರು ಮೇಲಿನ ಸಾಲಿನ ಇನ್ನೊಂದು ಹಲ್ಲು ತೋರಿಸಿದರು. ಮೂರು ಹಲ್ಲು! ಮೂರೂ ಹುಳುಕಿಲ್ಲದ, ಬೇರು ಗಟ್ಟಿಯಿದ್ದ ಹಲ್ಲುಗಳು. ಮೂರನೆಯದನ್ನು ಕೀಳಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಹಿಡಿದಾಗಲಾದರೂ, ಇಷ್ಟು ಆರೋಗ್ಯವಾಗಿರುವ ಹಲ್ಲನ್ನು ನಾನು ಯಾಕೆ ಕೀಳುತ್ತಿದ್ದೇನೆ ಎಂದು ಆ ಮನುಷ್ಯನಿಗೆ ಅನ್ನಿಸಬಾರದೆ? ಕೊನೆಗೆ ಅವರು ಕೈತೊಳೆದು, ಟವೆಲಿನಲ್ಲಿ ಒರೆಸಿಕೊಳ್ಳುತ್ತ ಅಂದದ್ದು ಇಷ್ಟು: 'ಇನ್ನು ನನ್ ಕಡೆಯಿಂದ ಏನೂ ಇಲ್ಲ. ಸ್ವಲ್ಪ ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ.'

ಆಸ್ಪತ್ರೆಯ ಸಿಬ್ಬಂದಿಯನ್ನು ನೋಡುವ ಡಾಕ್ಟರಮ್ಮ ಕಂಪ್ಯೂಟರಿನಿಂದ ಕಣ್ಣೆತ್ತದೆ ನಿದ್ದೆ ಮಾತ್ರೆ ಬರೆದುಕೊಟ್ಟರು. ಅಕ್ಕ ತೂಕಡಿಸುತ್ತ ಬಟ್ಟೆ ಮಡಚಿದಳು. ದವಡೆ ಮಾತ್ರ ತೂಕಡಿಸಲಿಲ್ಲ.

ಆಮೇಲೆ ಆ ರಕ್ತದ ಪ್ರಸಂಗ. ಅಕ್ಕ ಹಸಿರು ಬಟ್ಟೆ ಮಡಚುತ್ತಿದ್ದಾಗ ಹಿಡಿತ ಬಂತು, ಕೆನ್ನೆಯ ಒಳಭಾಗ ಹಲ್ಲಿಗೆ ಸಿಕ್ಕಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಎರಡು ಹನಿ ಬಟ್ಟೆಯ ಮೇಲೆ ಬಿದ್ದವು. ಅವಳೇ ಹೋಗಿ ಗುಂಡಿಗೆ ತೋರಿಸಿದಳು. ಮುಚ್ಚಿಡುವ ಬುದ್ಧಿ ಅವಳಿಗಿಲ್ಲ. ಆ ಬಟ್ಟೆ ಮತ್ತೆ ಒಗೆಯಲು ಹೋಯಿತು, ಅಷ್ಟೇ ಆಗಬೇಕಿದ್ದದ್ದು. ಆದರೆ ಮಧ್ಯಾಹ್ನದೊಳಗೆ ಅವಳನ್ನು ಗೋಡೆಯ ಆ ಕಡೆ, ಕೊಳೆ ಬಟ್ಟೆಗೆ ಹಾಕಿದರು. ವಾರದೊಳಗೆ ಆ ಕಾಗದ ಬಂತು. ಹಲ್ಲು ಕಡಿಯುವುದು, ಬಾಯಿ ಬಿಗಿ ಹಿಡಿಯುವುದು, ಬಟ್ಟೆ ಹಾಳುಮಾಡುವುದು. ಕೆಳಗೆ ಇನ್ನೊಂದು ಸಾಲು: ನಾಲ್ಕನೇ ಮಹಡಿಯ ಮನೋವೈದ್ಯರಿಂದ 'ಕೋಪ ಹತೋಟಿಯಲ್ಲಿದೆ' ಎಂಬ ಪ್ರಮಾಣಪತ್ರ ತರಬೇಕು, ಇಲ್ಲವಾದರೆ ಮುಂದಿನ ಕ್ರಮ.

ನಾನು ಅದನ್ನು ಓದಿ ಮೇಜು ಗುದ್ದಿದೆ. ಭಾವ ಸ್ಕ್ರೂಡ್ರೈವರ್ ಹುಡುಕಿದರು. ಅಕ್ಕ ಒಂದು ಚೀಟಿಯ ಮೇಲೆ ಬರೆದು ನನ್ನ ಕಡೆ ತಳ್ಳಿದಳು. ಆಗ ಅವಳು ಮಾತಿಗಿಂತ ಬರೆಯುವುದೇ ಹೆಚ್ಚಾಗಿತ್ತು. 'ಹೋಗಿ ಬರೋಣ. ಅವರಾದ್ರೂ ಕೂತು ಕೇಳ್ತಾರೇನೋ.'

ಮನೋವೈದ್ಯರು ನಿವೃತ್ತಿಗೆ ಹತ್ತಿರವಾದವರು. ಅವರ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು, ಮೇಜಿನ ಮೇಲೆ ಅರ್ಧ ತಿಂದ ಸೇಬಿತ್ತು. ಕಾಗದ ಓದಿದರು, ಕನ್ನಡಕ ತೆಗೆದರು.

'ಯಾರ ಮೇಲಮ್ಮ ಕೋಪ?'

'ಯಾರ ಮೇಲೂ ಇಲ್ಲ ಡಾಕ್ಟ್ರೇ.'

'ಈ ಮೇಲ್ವಿಚಾರಕನ ಮೇಲೆ?'

'ಅವರಿಗೆ ಗೊತ್ತಿಲ್ಲ ಪಾಪ. ನಂಗೇ ಗೊತ್ತಿಲ್ಲ, ಇನ್ನು ಅವರಿಗೆ...' ಎನ್ನುತ್ತಿದ್ದಂತೆ ದವಡೆ ಬಿಗಿಯಿತು.

ಅವರು ಎದ್ದು ಬಂದರು. 'ಮುಟ್ಲಾ ಅಮ್ಮಾ?' ಎಂದು ಕೇಳಿ, ಎರಡೂ ಕೈಯ ಬೆರಳುಗಳನ್ನು ಅವಳ ಎರಡೂ ದವಡೆಯ ಮೇಲಿಟ್ಟರು. ಹಾಗೇ ನಿಂತರು. ಹಿಡಿತ ಬಿಡುವವರೆಗೂ ನಿಂತರು. ಆಮೇಲೆ ನನ್ನನ್ನು ಕರೆದು, 'ನೀವೂ ಮುಟ್ಟಿ ನೋಡಿ' ಎಂದರು. ಮುಂದಿನ ಹಿಡಿತಕ್ಕೆ ಕಾಯಬೇಕಾಗಲಿಲ್ಲ. ನನ್ನ ಒಂದು ಬೆರಳಿನ ಕೆಳಗೆ ಕಲ್ಲು. ಇನ್ನೊಂದು ಬೆರಳಿನ ಕೆಳಗೆ ಮಗುವಿನ ಕೆನ್ನೆಯಂಥ ಮೃದು.

'ಮೂವತ್ತೈದು ವರ್ಷದಿಂದ ಕೋಪಿಷ್ಠರನ್ನೇ ನೋಡ್ತಿದೀನಿ' ಎಂದರು ಅವರು. 'ಕೋಪ ಬಂದ್ರೆ ಎರಡೂ ಕಡೆ ಬಿಗಿಯತ್ತೆ. ಅರ್ಧ ಮುಖಕ್ಕೆ ಮಾತ್ರ ಕೋಪ ಬಂದವರನ್ನ ನಾನಿನ್ನೂ ನೋಡಿಲ್ಲ. ಇದು ಮನಸ್ಸಿಂದಲ್ಲಮ್ಮ, ನರದ್ದು. ಎಷ್ಟು ದಿನದಿಂದ ಇದೆ?'

'ಎರಡೂವರೆ ವರ್ಷ.'

'ಇಷ್ಟು ದಿನ ಯಾರೂ ಮುಟ್ಟಿ ನೋಡ್ಲಿಲ್ವಾ?'

ನನಗೆ ಆ ಕೋಣೆಯ ಸಾಮಾನೆಲ್ಲ ಎತ್ತಿ ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಎರಡು ಬೆರಳು, ಅರ್ಧ ನಿಮಿಷ. ಅಷ್ಟೇ ಬೇಕಿತ್ತು. ಅದಕ್ಕೆ ಬದಲು ಮೂರು ಹಲ್ಲು ಹೋದವು, ಹದಿನೆಂಟು ಕಿಲೋ ಹೋಯಿತು, ಮಗಳಿಗೆ ಅಮ್ಮನ ಹತ್ತಿರ ಹೋಗಲು ಹೆದರಿಕೆಯಾಯಿತು. ಅವಳು ಊರೂರು ಅಲೆಯುತ್ತಿದ್ದವಳೂ ಅಲ್ಲ. ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ಡಾಕ್ಟರುಗಳ ಕೋಟುಗಳನ್ನೇ ಮಡಚುತ್ತ ನಿಂತಿದ್ದಳು.

ಮನೋವೈದ್ಯರು ಅಲ್ಲೇ ಫೋನೆತ್ತಿ ನರರೋಗ ವಿಭಾಗಕ್ಕೆ ಮಾತಾಡಿದರು. ಎರಡನೇ ಮಹಡಿಯ ಕತ್ತಲೆ ಕೋಣೆಯಲ್ಲಿ ಅಕ್ಕನ ದವಡೆಗೆ ಕೂದಲಿನಷ್ಟು ತೆಳ್ಳಗಿನ ಸೂಜಿ ಚುಚ್ಚಿ, ತಂತಿಯನ್ನು ಯಂತ್ರಕ್ಕೆ ಸೇರಿಸಿದರು. ಸ್ನಾಯು ಬಿಗಿದಾಗ ಯಂತ್ರ ಸದ್ದು ಮಾಡುತ್ತಿತ್ತು. ಪ್ಲಗ್ಗು ಕೆಟ್ಟ ಎಂಜಿನ್ನಿನ ಸದ್ದು ಅದು, ನಿಲ್ಲುವಂತೆ ಮಾಡಿ ಮತ್ತೆ ಸಿಡಿಯುವಂಥದ್ದು. ನನಗೆ ಕೇಳಿದ ಕೂಡಲೇ ಗೊತ್ತಾಯಿತು. ಬಲಗಡೆಗೆ ಚುಚ್ಚಿದರೆ ತೆಪ್ಪಗಿತ್ತು. ಆಮೇಲೆ ತಲೆಯ ಸ್ಕ್ಯಾನು. ಮಿದುಳಿನ ಬುಡದಿಂದ ದವಡೆಯ ಸ್ನಾಯುವಿಗೆ ಹೋಗುವ ನರಕ್ಕೆ ಒಂದು ರಕ್ತನಾಳ ಒತ್ತಿಕೊಂಡಿದೆ ಎಂದರು. ತುಂಬ ಅಪರೂಪದ ಖಾಯಿಲೆಯಂತೆ. ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು ಏಳೆಂಟು ಜನ ಬಂದು ಮಂಚದ ಸುತ್ತ ನಿಂತರು. ಒಬ್ಬ, 'ಇಂಥ ಕೇಸು ಸಿಗೋದು ನಮ್ಮ ಅದೃಷ್ಟ' ಎಂದ. ಕಣ್ಣಿಗೆ ಕಂಡದ್ದನ್ನೇ ಅಂದ, ಪಾಪ. ಆದರೂ ನನ್ನ ಕಾಲು ಇಲ್ಲದ ಬ್ರೇಕನ್ನು ಹುಡುಕಿತು.

ಮೊದಲು ಇಂಜೆಕ್ಷನ್ ಕೊಟ್ಟರು. ಸ್ನಾಯುವನ್ನು ಸಡಿಲಗೊಳಿಸುವ ಔಷಧ, ದವಡೆಗೇ ಚುಚ್ಚುವುದು. ನಾಲ್ಕನೇ ದಿನ ಅಕ್ಕ ಒಂದು ಬೇಯಿಸಿದ ಆಲೂಗಡ್ಡೆಯನ್ನು ಅಗಿದು ತಿಂದಳು. ಹತ್ತು ವಾರ ಸುಖವಾಗಿದ್ದಳು, ಹನ್ನೊಂದನೇ ವಾರ ಮತ್ತೆ ಟಕ್ಕೆಂದಿತು. ಎರಡನೇ ಸಲದ ಇಂಜೆಕ್ಷನ್ನಿಗೆ ಸಿಬ್ಬಂದಿಯ ಚಿಕಿತ್ಸಾ ಯೋಜನೆಯವರು ಅನುಮತಿ ಕೊಡಲಿಲ್ಲ. ಅದೇ ಔಷಧವನ್ನು ಮುಖದ ಸುಕ್ಕು ತೆಗೆಯಲೂ ಚುಚ್ಚುತ್ತಾರಂತೆ. ಆದ್ದರಿಂದ ಅರ್ಜಿಯ ಮೇಲೆ 'ಸೌಂದರ್ಯ ಚಿಕಿತ್ಸೆ, ತಿರಸ್ಕೃತ' ಎಂದು ಬರೆದು ಕಳಿಸಿದರು.

ಆ ಯೋಜನೆಯವರ ಕಚೇರಿಯ ಕಿಟಕಿಗೆ ಅಕ್ಕನನ್ನು ಕರೆದುಕೊಂಡು ನಾನೇ ಹೋದೆ. ಗಾಜಿನ ಹಿಂದೆ ಕೂತವನಿಗೆ ಅಕ್ಕನ ಮುಖ ತೋರಿಸಿದೆ.

'ನೋಡಿ ಸ್ವಾಮಿ. ಸೌಂದರ್ಯಕ್ಕೆ ಬಂದಿರೋ ಹಾಗೆ ಕಾಣ್ತಾಳಾ?'

'ನಮ್ಮ ಪಟ್ಟಿಯಲ್ಲಿ ಈ ಖಾಯಿಲೆ ಇಲ್ಲ ಮೇಡಂ. ಇಲ್ದೇ ಇರೋದಕ್ಕೆ ನಾನೇನ್ ಮಾಡ್ಲಿ?'

'ಪಟ್ಟಿಯಲ್ಲಿಲ್ಲ ಅಂದ್ರೆ ಮೈಯಲ್ಲೂ ಇಲ್ಲ ಅಂತಾನಾ?'

ಅವನು ಮುಂದಿನವರನ್ನು ಕರೆದ.

ಅರ್ಜಿ ಮೇಲೆ ಅರ್ಜಿ ಹಾಕಿದೆವು. ಕೊನೆಗೆ ನರರೋಗ ವಿಭಾಗದವರೇ, ಇಂಜೆಕ್ಷನ್ ಎಷ್ಟಾದರೂ ಹತ್ತು ವಾರದ ಮಾತು, ಆಪರೇಷನ್ ಬಗ್ಗೆ ಯೋಚಿಸಿ ಎಂದು ಸರ್ಜನ್ ಮೇಡಂ ಹತ್ತಿರ ಕಳಿಸಿದರು. ತಮಾಷೆ ನೋಡಿ, ತಲೆಬುರುಡೆ ತೆರೆಯುವುದಕ್ಕೆ ಪಟ್ಟಿಯಲ್ಲಿ ಜಾಗವಿತ್ತು. ಅನುಮತಿ ಒಂದೇ ವಾರದಲ್ಲಿ ಬಂತು.

ಸರ್ಜನ್ ಮೇಡಂ ಗಿಡ್ಡಗಿನ, ನಿಧಾನಕ್ಕೆ ಮಾತಾಡುವ ಹೆಂಗಸು. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. 'ಇದು ನರ. ಇದು ರಕ್ತನಾಳ. ಎದೆ ಬಡಿದಾಗಲೆಲ್ಲ ರಕ್ತನಾಳ ನರಕ್ಕೆ ತಟ್ಟತ್ತೆ. ತಟ್ಟಿ ತಟ್ಟಿ ನರ ಕೆರಳಿದೆ, ಸುಮ್ಸುಮ್ನೆ ದವಡೆಗೆ ಮುಚ್ಕೋ ಅಂತ ಹೇಳತ್ತೆ. ನಾನು ಕಿವಿಯ ಹಿಂದೆ ಸಣ್ಣ ತೂತು ಮಾಡಿ, ಎರಡನ್ನೂ ಬೇರೆ ಮಾಡಿ, ನಡುವೆ ಒಂದು ಮೆತ್ತೆ ಇಡ್ತೀನಿ.'

'ಇಂಥದ್ದು ಎಷ್ಟು ಮಾಡಿದೀರಿ?' ಎಂದೆ ನಾನು.

'ಮುಖದ ನೋವಿಗೆ ಇದೇ ಥರದ್ದು ಬೇಕಾದಷ್ಟು ಮಾಡಿದೀನಿ. ಈ ಖಾಯಿಲೆಗೆ ಒಂದೇ ಒಂದು. ಸುಳ್ಳು ಹೇಳಲ್ಲ. ಪೂರ್ತಿ ಗುಣ ಆಗ್ಬಹುದು, ಅರ್ಧ ಆಗ್ಬಹುದು, ಆಗ್ದೇನೂ ಇರಬಹುದು. ಆ ಕಡೆ ಕಿವಿ ಮಂದ ಆಗೋ ಅಪಾಯ ಇದೆ, ಕೆನ್ನೆ ಜೋಮು ಹಿಡೀಬಹುದು. ತಲೆ ಒಳಗಿನ ಕೆಲಸ, ಇದಕ್ಕಿಂತ ದೊಡ್ಡ ಅಪಾಯಾನೂ ಇದೆ.'

ಭಾವನ ಮುಖ ಬಿಳುಚಿತು. 'ಬೇಡ' ಎಂದರು. 'ಹೀಗೇ ಇರ್ಲಿ. ನಾನು ಹೇಗೋ ನೋಡ್ಕೋತೀನಿ. ಅವಳು ಕೋಪ ಮಾಡ್ಕೊಂಡ್ರೂ ಪರವಾಗಿಲ್ಲ.' ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಹೊಳೆಯಿತು. ತಲೆ ತಗ್ಗಿಸಿದರು. 'ಇಷ್ಟು ದಿನ ನನ್ ಮೇಲೆ ಕೋಪ ಅಂದ್ಕೊಂಡಿದ್ದೆ ಡಾಕ್ಟ್ರೇ. ಒಂದ್ಸಲಾನೂ ಬಾಯಿಬಿಟ್ಟು ಕೇಳ್ಲಿಲ್ಲ.'

ಅಕ್ಕ ಅವರ ಮಂಡಿಯ ಮೇಲೆ ಕೈಯಿಟ್ಟಳು. ಚೀಟಿ ಪೆನ್ನು ಎರಡೂ ಕೈಯಲ್ಲಿದ್ದರೂ ಬರೆಯಲಿಲ್ಲ. ಎರಡು ಸಲ ಹಿಡಿತ ಬಂತು, ಎರಡು ಸಲವೂ ಕಾದಳು, ಆಮೇಲೆ ಬಾಯಲ್ಲೇ ಹೇಳಿದಳು: 'ಮಾಡಿ ಮೇಡಂ. ನಂಗೆ ಊಟ ಮಾಡ್ಬೇಕು. ಮಾತಾಡ್ಬೇಕು. ಮಾತಾಡೋದು ತುಂಬಾ ಬಾಕಿ ಇದೆ.'

ಆಪರೇಷನ್ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಎಡಗಿವಿಯ ಹಿಂದೆ ಅಂಗೈಯಗಲ ಕೂದಲು ಬೋಳಿಸಿದ್ದರು. ಕುಳ್ಳಿ ಪಾಳಿ ತಪ್ಪಿಸಿ ಮೇಲೆ ಬಂದಿದ್ದಳು. 'ಇವತ್ತಿನ ಹಸಿರು ಬಟ್ಟೆ ನಾನೇ ಮಡಚಿದೀನಿ ಕಣೇ, ನಿನ್ನಷ್ಟು ಚೆನ್ನಾಗಿಲ್ಲ, ಬೈಕೋಬೇಡ' ಎಂದಳು. ಅಕ್ಕ ನಗಲು ಹೋದಳು, ದವಡೆ ಬಿಡಲಿಲ್ಲ, ಕಣ್ಣಲ್ಲೇ ನಕ್ಕಳು.

ಐದು ಗಂಟೆ ಹಿಡಿಯಿತು. ಭಾವ ಕಾಯುವ ಕೋಣೆಯ ಅಲ್ಲಾಡುವ ಕುರ್ಚಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿದರು. ನಾನು ಮೂರು ಲೋಟ ಚಹಾ ತಂದು ಮೂರನ್ನೂ ಆರಲು ಬಿಟ್ಟೆ. ಮಧ್ಯಾಹ್ನ ಒಂದೂವರೆಗೆ ಸರ್ಜನ್ ಮೇಡಂ ಹೊರಗೆ ಬಂದರು, ಟೋಪಿಯ ಗುರುತು ಹಣೆಯ ಮೇಲೆ ಹಾಗೇ ಇತ್ತು.

'ಸ್ಕ್ಯಾನಿನಲ್ಲಿ ಒಂದೇ ರಕ್ತನಾಳ ಕಂಡಿತ್ತು. ಒಳಗೆ ಎರಡಿತ್ತು, ನರಕ್ಕೆ ಎರಡೂ ಕಡೆಯಿಂದ ಒತ್ತಿದ್ವು. ನರ ಅಲ್ಲಿ ಚಪ್ಪಟೆಯಾಗಿತ್ತು. ಎರಡನ್ನೂ ಸರಿಸಿದೀನಿ.' ಹಣೆಯ ಗುರುತನ್ನು ಉಜ್ಜಿಕೊಳ್ಳುತ್ತ, 'ಆಕೆ ಇಷ್ಟು ದಿನ ಹೇಗೆ ತಡ್ಕೊಂಡ್ರೋ' ಎಂದರು.

ಸಂಜೆ ಎಚ್ಚರವಾಯಿತು. ನಾವೆಲ್ಲ ಅವಳ ಎಡಗೆನ್ನೆಯನ್ನೇ ನೋಡುತ್ತ ನಿಂತಿದ್ದೆವು. ಅವಳು 'ನೀರು' ಎಂದಳು. ಕೆನ್ನೆ ಪಟಪಟ ಅದುರಿತು, ದವಡೆ ಕಚ್ಚಿಕೊಂಡಿತು. ನಾನು ಹೊರಗೆ ಓಡಿ ಹೋಗಿ ನರ್ಸಿನ ಮೇಲೆ ಕೂಗಾಡಿದೆ, ಏನು ಮಾಡಿದಿರಿ, ಯಾಕೆ ಮಾಡಿದಿರಿ ಎಂದು. ಅವಳದೇನೂ ತಪ್ಪಿರಲಿಲ್ಲ. ಮೇಡಂ ಬಂದು ಹೇಳಿದರು: 'ನರ ಎಷ್ಟೋ ದಿನದಿಂದ ಕೆರಳಿತ್ತು. ಸುಮ್ಮನಾಗೋದಕ್ಕೆ ಅದಕ್ಕೂ ಟೈಮು ಬೇಕು. ಕಾಯಿರಿ.'

ಕಾದೆವು. ಮೂರನೇ ದಿನ ಎಂಟು ಸಲ ಬಂತು. ಆರನೇ ದಿನ ಎರಡು. ಒಂಬತ್ತನೇ ದಿನ ಬರಲಿಲ್ಲ. ಹತ್ತನೇ ದಿನವೂ ಬರಲಿಲ್ಲ. ಹನ್ನೆರಡನೇ ದಿನ ಅಕ್ಕ ಮಂಚದ ಮೇಲೆ ಕೂತು ಕುಳ್ಳಿಗೆ ಆ ಲಿಫ್ಟಿನ ಕಥೆಯನ್ನು ಪೂರ್ತಿ ಹೇಳಿದಳು. ಕಥೆ ಅಷ್ಟೇನೂ ಚೆನ್ನಾಗಿರಲಿಲ್ಲ. ಕುಳ್ಳಿ ಬಿದ್ದುಬಿದ್ದು ನಕ್ಕಳು, ಭಾವ ಬಾಗಿಲ ಹಿಂದೆ ನಿಂತು ಮೂಗು ಒರೆಸಿಕೊಂಡರು.

ಎಲ್ಲವೂ ಮರಳಿ ಬರಲಿಲ್ಲ. ಎಡ ತುಟಿಯ ಅಂಚು ಜೋಮು ಹಿಡಿದೇ ಇದೆ. ಊಟ ಮಾಡುವಾಗ ಅಲ್ಲಿ ಏನಾದರೂ ಅಂಟಿದರೆ ಮಗಳು ಸನ್ನೆ ಮಾಡುತ್ತಾಳೆ. ಎಡಗಿವಿಯಲ್ಲಿ ಸಣ್ಣಗೆ ಗುಂಯ್ ಎನ್ನುತ್ತದಂತೆ. ಮೂರು ಹಲ್ಲಿನ ಜಾಗ ಖಾಲಿ. ಆ ಹಲ್ಲಿನ ಡಾಕ್ಟರ ಹತ್ತಿರ ಅಕ್ಕ ಒಮ್ಮೆ ಹೋಗಿದ್ದಳು, ನಾನೇ ಕಾರಿನಲ್ಲಿ ಬಿಟ್ಟೆ. ಆಪರೇಷನ್ ಕಾಗದಗಳನ್ನು ಮೇಜಿನ ಮೇಲಿಟ್ಟು, 'ನನ್ನ ಹಲ್ಲು ಮೂರೂ ಚೆನ್ನಾಗಿದ್ವು ಅಲ್ವಾ ಡಾಕ್ಟ್ರೇ?' ಎಂದು ಕೇಳಿದಳು. ಅವರು ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 'ಆಗ ನಿಮಗೆ ನೋವಿತ್ತಲ್ಲ' ಎಂದರು. ತಪ್ಪಾಯಿತು ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಎರಡು ತಿಂಗಳ ಮೇಲೆ ಅಕ್ಕ ಕೆಲಸಕ್ಕೆ ಹೋದಳು. ಗುಂಡಿ ಅವಳನ್ನು ನೋಡಿ ನಗುನಗುತ್ತ ಬಂದ.

'ಏನಮ್ಮಾ, ಕೋಪ ಎಲ್ಲ ಇಳೀತಾ?'

'ಇಲ್ಲ ಸಾರ್' ಎಂದಳು ಅಕ್ಕ. 'ಈಗ ಬಂದಿದೆ.'

ಯಂತ್ರದ ಸದ್ದಿನಲ್ಲೂ ಆ ಮಾತು ಎಲ್ಲರಿಗೂ ಕೇಳಿಸಿತು ಎಂದು ಕುಳ್ಳಿ ಹೇಳಿದಳು. ಅಕ್ಕ ದನಿ ಏರಿಸಲಿಲ್ಲವಂತೆ, ಅವನ ಮುಖ ನೋಡುತ್ತ ಹೇಳಿದಳಂತೆ, ಅವನ ನಗು ಅರ್ಧಕ್ಕೇ ನಿಂತಿತಂತೆ.

ಅದೇ ಮಧ್ಯಾಹ್ನ ಅಕ್ಕ ನನಗೆ ಫೋನು ಮಾಡಿದಳು. 'ಆಡಳಿತಾಧಿಕಾರಿ ಹತ್ರ ಹೋಗ್ತಿದೀನಿ. ಬರ್ತೀಯಾ? ನೀನು ಮಾತಾಡ್ಬೇಡ, ಸುಮ್ನೆ ಜೊತೆಗಿರು.' ಕಾರು ಕಲಿಯುತ್ತಿದ್ದವರನ್ನು ಅವರ ಮನೆ ಬಾಗಿಲಲ್ಲೇ ಇಳಿಸಿ ಓಡಿದೆ.

ಆಡಳಿತಾಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೆತ್ತನೆಯ ದನಿ. ಅಕ್ಕನ ಕಾಗದಪತ್ರಗಳನ್ನೆಲ್ಲ ಓದಿದರು. 'ಛೆ ಛೆ' ಎಂದರು. 'ನಾಳೆಯಿಂದಲೇ ನಿಮ್ಮನ್ನ ಮೊದಲಿನ ಜಾಗಕ್ಕೆ ಹಾಕ್ಸ್ತೀನಮ್ಮ. ಆ ಹಳೇ ಕಾಗದ ಮರ್ತುಬಿಡಿ.' ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬಡಿದು, ಮುದ್ರಿಸಿ, ಸಹಿಗೆಂದು ಅಕ್ಕನ ಮುಂದಿಟ್ಟರು.

ಅಕ್ಕ ಅದನ್ನು ನಿಧಾನವಾಗಿ ಓದಿದಳು. 'ನೌಕರರ ಅನಾರೋಗ್ಯವನ್ನು ಸಹಾನುಭೂತಿಯಿಂದ ಪರಿಗಣಿಸಿ ಹಿಂದಿನ ವರ್ತನೆಯನ್ನು ಮನ್ನಿಸಲಾಗಿದೆ' ಎಂದಿತ್ತು.

'ಇದಕ್ಕೆ ಸಹಿ ಹಾಕಲ್ಲ ಸಾರ್.'

'ಯಾಕಮ್ಮಾ? ನಿಮ್ಮ ಪರವಾಗೇ ಇದೆಯಲ್ಲ?'

'ನಾನು ಏನು ಮಾಡಿದೆ ಅಂತ ಮನ್ನಿಸ್ತೀರಿ?' ಎಂದಳು ಅಕ್ಕ. 'ನಾನು ಹಲ್ಲು ಕಡೀಲಿಲ್ಲ. ನನ್ ದವಡೆ ಹಿಡ್ಕೊಂಡಿತ್ತು. ಹೇಳಿದೆ, ನಕ್ಕರು. ಬಾಯಲ್ಲಿ ರಕ್ತ ಬಂದ್ರೆ, ಏನಾಯ್ತಮ್ಮ ಅಂತ ಒಬ್ರೂ ಕೇಳ್ಲಿಲ್ಲ, ಬಟ್ಟೆ ಯಾಕೆ ಹಾಳಾಯ್ತು ಅಂತ ಕೇಳಿದ್ರು. ಇದು ಆಸ್ಪತ್ರೆ ಸಾರ್! ಬೇರೆ ಎಲ್ಲಾದ್ರೂ ಆಗಿದ್ರೆ ಗೊತ್ತಿಲ್ಲ ಪಾಪ ಅನ್ಬಹುದಿತ್ತು. ತಲೆ ಮೇಲೆ ಐದು ಮಹಡಿ ತುಂಬ ಡಾಕ್ಟ್ರುಗಳು. ನಾನು ಅವರ ಕಾಲ ಕೆಳಗೇ ಮೂರು ವರ್ಷ ಬಾಯಿಬಿಡೋಕಾಗ್ದೆ ಇದ್ದೆ. ನಂಗೆ ಸಹಾನುಭೂತಿ ಬೇಡ. ವಿಚಾರಿಸದೆ ಆ ಕಾಗದ ಕೊಟ್ವಿ, ನಮ್ದು ತಪ್ಪಾಯ್ತು ಅಂತ ಬರೀರಿ.'

ಒಂದೇ ಉಸಿರಿಗೆ ಅಷ್ಟು ಮಾತನ್ನು ಅಕ್ಕನ ಬಾಯಿಂದ ನಾನು ಕೇಳಿ ಮೂರು ವರ್ಷವಾಗಿತ್ತು. ಅಲ್ಲ, ಅಂಥ ಮಾತನ್ನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಅವಳ ಮುಖ ಎರಡೂ ಕಡೆ ಕೆಂಪಾಗಿತ್ತು.

ಆಡಳಿತಾಧಿಕಾರಿ ಪೆನ್ನು ತಿರುಗಿಸುತ್ತ ಕೂತರು. 'ತಪ್ಪಾಯ್ತು ಅಂತ ಬರೆಯೋ ಪದ್ಧತಿ ಇಲ್ಲಮ್ಮ ಇಲ್ಲಿ' ಎಂದರು.

'ಹಾಗಿದ್ರೆ ಇವತ್ತಿಂದ ಶುರು ಮಾಡಿ.'

ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ಇಬ್ಬರು ಬಂದು ಇಣುಕಿ ಹೋದರು, ಫೋನು ಎರಡು ಸಲ ಬಡಿದುಕೊಂಡಿತು. ನಾನು ಮಾತಾಡದಿರಲು ನಾಲಿಗೆ ಕಚ್ಚಿಕೊಂಡು ಕೂತಿದ್ದೆ. ಮುಕ್ಕಾಲು ಗಂಟೆಯಾದ ಮೇಲೆ ಅವರು ಮೇಲಿನವರಿಗೆ ಫೋನು ಮಾಡಿದರು, ಪಿಸುಗುಟ್ಟಿದರು, ಇಟ್ಟರು. ಹೊಸ ಕಾಗದ ಬಂತು. 'ಸದರಿ ಪತ್ರವನ್ನು ವೈದ್ಯಕೀಯ ವಿಚಾರಣೆ ನಡೆಸದೆ ನೀಡಿದ್ದು ಆಡಳಿತದ ಲೋಪವಾಗಿದ್ದು, ಅದನ್ನು ರದ್ದುಪಡಿಸಲಾಗಿದೆ.' ತಪ್ಪು ಎಂಬ ಮಾತು ಇರಲಿಲ್ಲ. ಲೋಪ ಇತ್ತು.

ಅಕ್ಕ ಅದನ್ನು ನನಗೂ ಓದಲು ಕೊಟ್ಟಳು. ಆಮೇಲೆ ಸಹಿ ಹಾಕಿ, ಒಂದು ಪ್ರತಿ ಕೇಳಿ ಇಸಿದುಕೊಂಡಳು. ಇನ್ನೊಂದು ಪ್ರತಿಯನ್ನೂ ಕೇಳಿದಳು.

'ಇನ್ನೊಂದ್ ಯಾಕಮ್ಮಾ?'

'ನಮ್ಮ ಲಾಂಡ್ರಿ ಗೋಡೆಗೆ ಅಂಟಿಸೋಕೆ' ಎಂದಳು ಅಕ್ಕ. ಅವಳು ಪಾಳಿ ಮುಗಿಸಲು ಕೆಳಗಿಳಿದಳು. ನಾನು ಕಾರಿನ ಕಡೆ ನಡೆದೆ.